ಎರಡು ಸ್ಪೂಲ್, ಒಂದೇ ದಾರಿ: ಫಿಲಮೆಂಟ್ ಸ್ಪ್ಲಿಟರ್ ಬಗ್ಗೆ ತಪ್ಪು ಕಲ್ಪನೆ ಮತ್ತು ವಾಸ್ತವ

ಹೈದರಾಬಾದಿನ ಗಚ್ಚಿಬೌಲಿಯ ಫ್ಲ್ಯಾಟುಗಳಲ್ಲಿ, ಪೀಜಿ ಕೋಣೆಗಳಲ್ಲಿ, ನಾಲ್ಕೈದು ಜನರ ಸ್ಟಾರ್ಟಪ್ ಕಚೇರಿಗಳಲ್ಲಿ ಮೇಜಿನ ಮೇಲೊಂದು 3ಡಿ ಪ್ರಿಂಟರ್ ಇರುವುದು ಈಗ ಅಪರೂಪವಲ್ಲ. ಬೀದರ, ಕಲಬುರಗಿ, ರಾಯಚೂರು ಕಡೆಯಿಂದ ಬಂದು ಇಲ್ಲಿ ಕೆಲಸಕ್ಕಿರುವ ಕನ್ನಡದ ಹುಡುಗ ಹುಡುಗಿಯರಿಗೂ ಇದರ ನಂಟು ಬೆಳೆದಿದೆ. ಸುತ್ತಲಿನ ವಾತಾವರಣವೂ ಹಾಗೇ ಇದೆ. 1998ರಲ್ಲಿ ಶುರುವಾದ ಟ್ರಿಪಲ್ ಐಟಿ ಇಲ್ಲೇ ಇದೆ. ಅದರ ಆವರಣದಲ್ಲೇ 2015ರಲ್ಲಿ ಸ್ಟಾರ್ಟಪ್‌ಗಳ ಕೇಂದ್ರವಾದ ಟಿ-ಹಬ್ ಕಣ್ಣುಬಿಟ್ಟಿತು. ಪಕ್ಕದ ರಾಯದುರ್ಗದಲ್ಲಿ 2023ರ ಮಾರ್ಚ್‌ನಲ್ಲಿ ಫಾಕ್ಸ್‌ಕಾನ್ ಅಧ್ಯಕ್ಷ ಯಂಗ್ ಲಿಯು ಉದ್ಘಾಟಿಸಿದ ಟಿ-ವರ್ಕ್ಸ್ ಇದೆ. ಮಾದರಿಗಳನ್ನು ತಯಾರಿಸಿ ನೋಡಲೆಂದೇ ತೆಲಂಗಾಣ ಸರ್ಕಾರ ಕಟ್ಟಿಸಿದ, ಸುಮಾರು 78,000 ಚದರಡಿಯ ಕೇಂದ್ರ ಅದು.

ಪ್ರಿಂಟರ್ ಕೊಂಡ ಹೊಸತರಲ್ಲಿ ಎಲ್ಲರೂ ಸಿದ್ಧ ಫೈಲುಗಳನ್ನು ಇಳಿಸಿಕೊಂಡು ಅಚ್ಚು ಹಾಕುತ್ತಾರೆ. ಯಂತ್ರಕ್ಕೇ ಬೇಕಾದ ಭಾಗವೊಂದನ್ನು ತಾನೇ ಬರೆದು, ಅಚ್ಚು ಹಾಕಿ, ಕೂರಿಸುವ ದಿನ ಬಂದಾಗ ನಿಜವಾದ ಕಲಿಕೆ ಆರಂಭವಾಗುತ್ತದೆ. ಅದಕ್ಕೆ ಫಿಲಮೆಂಟ್ ಸ್ಪ್ಲಿಟರ್‌ಗಿಂತ ಒಳ್ಳೆಯ ಮೊದಲ ಪಾಠ ಸಿಗುವುದು ಕಷ್ಟ.

ಇದರ ಕೆಲಸ ಸರಳ. ನಾಲ್ಕು ಸ್ಪೂಲುಗಳನ್ನು ತಾನೇ ಬದಲಿಸುವ ಪೆಟ್ಟಿಗೆಯಿರುವ ಪ್ರಿಂಟರುಗಳಲ್ಲಿ ಆ ಪೆಟ್ಟಿಗೆಯ ಟ್ಯೂಬು ಯಂತ್ರದ ಒಂದೇ ಪ್ರವೇಶದ್ವಾರವನ್ನು ಹಿಡಿದಿರುತ್ತದೆ. ರಬ್ಬರಿನಂಥ ಟಿಪಿಯು ಫಿಲಮೆಂಟಿನ ಎಳೆಯನ್ನೋ, ಪೆಟ್ಟಿಗೆಯಲ್ಲಿ ಕೂರದ ದೊಡ್ಡ ಸ್ಪೂಲನ್ನೋ ಹೊರಗಿನಿಂದ ಕೊಡಬೇಕಾದಾಗಲೆಲ್ಲ ಯಂತ್ರವನ್ನು ತಿರುಗಿಸಿ, ಹಿಂಬದಿಯ ಟ್ಯೂಬು ಕಿತ್ತು, ಇನ್ನೊಂದನ್ನು ಚುಚ್ಚಬೇಕು. ಪದೇ ಪದೇ ಕಿತ್ತರೆ ಟ್ಯೂಬನ್ನು ಹಿಡಿದಿಡುವ ಕಪ್ಲರಿನ ಹಲ್ಲು ಸವೆದು ಹಿಡಿತ ಹೋಗುತ್ತದೆ. ಎರಡು ಕವಲು ಒಂದಾಗುವ ಸಣ್ಣ ತುಂಡೊಂದನ್ನು ನಡುವೆ ಕೂರಿಸಿದರೆ ಈ ತಾಪತ್ರಯ ತಪ್ಪುತ್ತದೆ. ಆದರೆ ಈ ತುಂಡಿನ ಬಗ್ಗೆ ತಪ್ಪು ತಿಳಿವಳಿಕೆಗಳು ಬಹಳ. ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಸ್ಪ್ಲಿಟರ್ ಹಾಕಿದರೆ ಒಂದೇ ಸಲಕ್ಕೆ ಎರಡು ಬಣ್ಣ ಬರುತ್ತದೆ

ವಾಸ್ತವ: ಬರುವುದಿಲ್ಲ. ಸ್ಪ್ಲಿಟರಿನಲ್ಲಿ ಮೋಟಾರಿಲ್ಲ, ಸೆನ್ಸರಿಲ್ಲ, ಆಯ್ಕೆ ಮಾಡುವ ಬುದ್ಧಿಯಿಲ್ಲ. ಅದು ಬರೀ ದಾರಿ. ಆ ದಾರಿಯ ಕೊನೆಯ ಭಾಗದಲ್ಲಿ ಒಂದು ಹೊತ್ತಿಗೆ ಒಂದೇ ಎಳೆ ಇರಬಲ್ಲದು. ಎರಡನೆಯದು ಬರಬೇಕೆಂದರೆ ಮೊದಲನೆಯದು ಕೂಡುಜಾಗದಿಂದ ಹಿಂದಕ್ಕೆ ಸರಿದಿರಬೇಕು.

ಬಣ್ಣ ಬದಲಿಸುವ ಕೆಲಸ ಎಳೆಯನ್ನು ನೂಕಿ ಎಳೆಯುವ ಗೇರುಗಳದ್ದು. ಪ್ರೂಸಾ ಕಂಪನಿ 2016ರಲ್ಲಿ ತಂದ ಮೊದಲ ಬಹುಬಣ್ಣದ ಸಾಧನದಲ್ಲಿಯೂ ನಾಲ್ಕು ದಾರಿಗಳು ಒಂದಾಗುವ ಇಂಥದೇ ತುಂಡಿತ್ತು. ಆದರೆ ಪ್ರತಿ ದಾರಿಗೂ ಪ್ರತ್ಯೇಕ ಮೋಟಾರು ಇದ್ದುದರಿಂದ ಅದು ನಡೆಯಿತು. ಬಾಂಬು ಲ್ಯಾಬ್ 2022ರಲ್ಲಿ ತಂದ ಎಎಂಎಸ್ ಪೆಟ್ಟಿಗೆಯಲ್ಲೂ ನಾಲ್ಕು ಎಳೆಗಳು ಒಳಗೇ ಒಂದು ದಾರಿಗೆ ಸೇರುತ್ತವೆ. ಬೇಡದ್ದನ್ನು ಹಿಂದಕ್ಕೆ ಸೆಳೆಯುವ ಹೊಣೆ ಅಲ್ಲಿಯೂ ಮೋಟಾರಿನದೇ. ಮನೆಯಲ್ಲಿ ಮಾಡಿದ ಸ್ಪ್ಲಿಟರಿನಲ್ಲಿ ಹೊರಗಿನ ಸ್ಪೂಲಿನ ಮಟ್ಟಿಗೆ ಆ ಹೊಣೆ ನಿಮ್ಮ ಕೈಯದು.

ತಪ್ಪು ಕಲ್ಪನೆ 2: ವೈ ಆಕಾರ ಇದ್ದರೆ ಸಾಕು, ಕೋನ ಎಷ್ಟಿದ್ದರೇನು

ವಾಸ್ತವ: ಇಡೀ ವಿನ್ಯಾಸದ ಜೀವ ಕೋನದಲ್ಲೇ ಇದೆ. ಗಚ್ಚಿಬೌಲಿಯಲ್ಲಿ ಔಟರ್ ರಿಂಗ್ ರೋಡ್ ಏರುವ ರ‍್ಯಾಂಪನ್ನು ಗಮನಿಸಿ: ಅದು ಮುಖ್ಯರಸ್ತೆಗೆ ಅಡ್ಡವಾಗಿ ಹೊಡೆಯುವುದಿಲ್ಲ, ಬಹಳ ದೂರ ಜೊತೆಜೊತೆಗೇ ಸಾಗಿ ಸೇರಿಕೊಳ್ಳುತ್ತದೆ. ಎಳೆಯೂ ಹಾಗೇ ಸೇರಬೇಕು. ಕವಲು ತೀರಾ ಅಗಲವಾಗಿದ್ದರೆ ಮುಂದೆ ಬಂದ ಎಳೆಯ ಮೂತಿ ಎದುರಿನ ಗೋಡೆಗೆ ಗುದ್ದಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಎರಡು ಕವಲುಗಳ ನಡುವಿನ ಕೋನ 30 ಡಿಗ್ರಿಯೊಳಗೆ ಇರಲಿ. 20ರ ಆಸುಪಾಸಿನಲ್ಲಿದ್ದರೆ ಇನ್ನೂ ಒಳ್ಳೆಯದು. ತುಂಡು ಸ್ವಲ್ಪ ಉದ್ದವಾಗುತ್ತದೆ, ಆಗಲಿ.

ಇದರಲ್ಲಿ ಭೌತಶಾಸ್ತ್ರದ ಲೆಕ್ಕವೂ ಇದೆ. ಬಾಗಿದ ದಾರಿಯಲ್ಲಿ ಎಳೆಯನ್ನು ಎಳೆಯಲು ಬೇಕಾದ ಬಲ ಒಟ್ಟು ತಿರುವಿಗೆ ತಕ್ಕಂತೆ ಗುಣಾಕಾರದಲ್ಲಿ ಏರುತ್ತದೆ. ಘರ್ಷಣಾಂಕ 0.1 ಇರುವ ನುಣುಪು ಟ್ಯೂಬಿನಲ್ಲಿ ಒಟ್ಟು 180 ಡಿಗ್ರಿ ತಿರುಗಿದರೆ ಬಲ ಸುಮಾರು 1.4 ಪಟ್ಟು ಆಗುತ್ತದೆ. ಘರ್ಷಣಾಂಕ 0.3 ಇರುವ ಒರಟು ದಾರಿಯಲ್ಲಿ ಅದೇ ತಿರುವು ಸುಮಾರು 2.6 ಪಟ್ಟು ಬಲ ಕೇಳುತ್ತದೆ. ಆದ್ದರಿಂದ ಪಾಠ ಎರಡು: ತಿರುವುಗಳನ್ನು ಕಡಿಮೆ ಮಾಡಿ, ತಿರುಗಲೇಬೇಕಾದ ಕಡೆ ಅಚ್ಚಿನ ಪ್ಲಾಸ್ಟಿಕ್ಕಿನ ಬದಲು ನುಣುಪಾದ ಪಿಟಿಎಫ್‌ಇ ಟ್ಯೂಬನ್ನೇ ಬಾಗಿಸಿ. ಅಚ್ಚು ಹಾಕಿದ ಪ್ಲಾಸ್ಟಿಕ್ಕಿಗೆ ಎಳೆ ತಾಗುವುದು ಕೂಡುಜಾಗದ ಒಂದಷ್ಟು ಮಿಲಿಮೀಟರಿನಲ್ಲಿ ಮಾತ್ರ ಇರಲಿ.

ತಪ್ಪು ಕಲ್ಪನೆ 3: ಎರಡು ಕವಲೂ ಸಮಾನವಾಗಿ ಬಾಗಿರಬೇಕು

ವಾಸ್ತವ: ನೋಡಲು ಚೆಂದ, ಕೆಲಸಕ್ಕೆ ಅಷ್ಟಕ್ಕಷ್ಟೆ. ಒಂದು ಕವಲನ್ನು ನೇರವಾಗಿಟ್ಟು, ಇನ್ನೊಂದನ್ನು ಪಕ್ಕದಿಂದ ಓರೆಯಾಗಿ ಸೇರಿಸುವುದು ಹೆಚ್ಚು ಜಾಣತನ. ನೇರ ದಾರಿ ಮೆತ್ತಗಿನ ಎಳೆಗೆ ಸಲ್ಲಬೇಕು. ಟಿಪಿಯುವನ್ನು ಹಿಂದಿನಿಂದ ನೂಕಿದರೆ ಅದು ಮುಂದೆ ಹೋಗುವ ಬದಲು ಟ್ಯೂಬಿನೊಳಗೇ ಮಡಚಿಕೊಳ್ಳಲು ನೋಡುತ್ತದೆ. ಮಾಮೂಲಿ ಟಿಪಿಯುವನ್ನು ಸ್ಪೂಲು ಬದಲಿಸುವ ಪೆಟ್ಟಿಗೆಗೆ ಹಾಕಬೇಡಿ ಎಂದು ತಯಾರಕರೇ ಹೇಳುವುದಕ್ಕೆ ಇದೂ ಒಂದು ಕಾರಣ. ಪಿಎಲ್‌ಎ, ಪಿಇಟಿಜಿ ಎಳೆಗಳಿಗೆ ಬಿಗಿ ಇದೆ. ಸಣ್ಣ ಓರೆಯನ್ನು ಅವು ಸಹಿಸುತ್ತವೆ. ಹೀಗಾಗಿ ಹೊರಗಿನ ಸ್ಪೂಲಿಗೆ ನೇರ ಕವಲು, ಪೆಟ್ಟಿಗೆಗೆ ಓರೆ ಕವಲು ಎಂಬ ಹಂಚಿಕೆ ಸರಿ.

ತಪ್ಪು ಕಲ್ಪನೆ 4: ಎಳೆ 1.75 ಮಿ.ಮೀ. ಇದ್ದರೆ ರಂಧ್ರವೂ ಅಷ್ಟೇ ಇರಬೇಕು

ವಾಸ್ತವ: ಹಾಗೆ ಬರೆದರೆ ಎಳೆ ಒಳಗೇ ಹೋಗದು. ಎಳೆಯ ದಪ್ಪ 0.02ರಿಂದ 0.05 ಮಿ.ಮೀ.ವರೆಗೆ ಹೆಚ್ಚುಕಮ್ಮಿ ಇರುತ್ತದೆ. ಸಾಲದ್ದಕ್ಕೆ ಪ್ರಿಂಟರಿನಲ್ಲಿ ಸಣ್ಣ ರಂಧ್ರಗಳು ಬರೆದ ಅಳತೆಗಿಂತ ಕಿರಿದಾಗಿಯೇ ಬರುತ್ತವೆ, 0.1ರಿಂದ 0.3 ಮಿ.ಮೀ. ಕಡಿಮೆಯಾಗುವುದು ಸಾಮಾನ್ಯ. 2.4 ಮಿ.ಮೀ. ಎಂದು ಬರೆದರೆ ಕೈಗೆ 2.2ರಷ್ಟು ಸಿಗುತ್ತದೆ, ಅದು ಸಾಕು.

ದೊಡ್ಡದಾದಷ್ಟೂ ಒಳ್ಳೆಯದು ಎಂಬುದೂ ತಪ್ಪು. 3.5, 4 ಮಿ.ಮೀ. ಬಿಟ್ಟರೆ ಎಳೆ ಒಳಗೆ ಹಾವಿನಂತೆ ಸುತ್ತಾಡುತ್ತದೆ. ಮುಂದಿನ ಟ್ಯೂಬಿನ ಬಾಯಿ ಸಿಗದೆ ಅದರ ಅಂಚಿಗೆ ಹೊಡೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪ್ಲಾಸ್ಟಿಕ್ಕಿನ ದಾರಿ ಮುಗಿದು ಟ್ಯೂಬಿನ ದಾರಿ ಶುರುವಾಗುವ ಕಡೆ ಎಳೆಗೆ ಎದುರಾಗುವ ಮೆಟ್ಟಿಲು ಇರಬಾರದು. ಹೊರಹೋಗುವ ಟ್ಯೂಬಿನ ಒಳಬಾಯಿಯನ್ನು ಚೂಪು ಚಾಕುವಿನಿಂದಲೋ ಡ್ರಿಲ್ ಬಿಟ್ಟಿನ ತುದಿಯಿಂದಲೋ ಕೈಯಲ್ಲೇ ತಿರುಗಿಸಿ ಆಲಿಕೆಯಂತೆ ಅಗಲ ಮಾಡಿ. ಹೆಚ್ಚಿನ ಸ್ಪ್ಲಿಟರುಗಳು ಸೋಲುವುದು ಈ ಒಂದು ಅಂಚಿನಲ್ಲೇ.

ಇಳಿಸಿಕೊಂಡ ಫೈಲು ಒಬ್ಬರಲ್ಲಿ ಸರಾಗವಾಗಿ ನಡೆದು ನಿಮ್ಮಲ್ಲಿ ಕೈಕೊಡುವುದೂ ಇದೇ ಕಾರಣಕ್ಕೆ. ಅವರ ಯಂತ್ರದ ರಂಧ್ರದ ಅಳತೆ ಬೇರೆ, ನಿಮ್ಮದು ಬೇರೆ. ಮೊದಲು 2.0, 2.2, 2.4, 2.6 ಎಂದು ನಾಲ್ಕು ರಂಧ್ರಗಳಿರುವ ಚಿಕ್ಕ ಪಟ್ಟಿಯನ್ನು ಅಚ್ಚು ಹಾಕಿ ಎಳೆ ತೂರಿಸಿ ನೋಡಿ. ಹತ್ತು ನಿಮಿಷದ ಆ ಕೆಲಸ ಒಂದು ದಿನವನ್ನು ಉಳಿಸುತ್ತದೆ.

ತಪ್ಪು ಕಲ್ಪನೆ 5: ಪದರ ತೆಳುವಾಗಿದ್ದು, ಒಳಗು ಗಟ್ಟಿಯಾಗಿದ್ದರೆ ಒಳ್ಳೆಯ ಸ್ಪ್ಲಿಟರ್ ಬರುತ್ತದೆ

ವಾಸ್ತವ: ನೂರಕ್ಕೆ ನೂರು ಇನ್‌ಫಿಲ್ ಬೇಕಿಲ್ಲ, ಈ ತುಂಡಿನ ಮೇಲೆ ಭಾರ ಬೀಳುವುದಿಲ್ಲ. ಮೂರು ನಾಲ್ಕು ಸುತ್ತಿನ ಗೋಡೆ, ಮಾಮೂಲಿ 0.2 ಮಿ.ಮೀ. ಪದರ ಸಾಕು. ಫಲಿತಾಂಶವನ್ನು ನಿರ್ಧರಿಸುವುದು ತುಂಡನ್ನು ಬೆಡ್ ಮೇಲೆ ಯಾವ ಭಂಗಿಯಲ್ಲಿ ಇಟ್ಟಿದ್ದೀರಿ ಎಂಬುದು.

ಇಡೀ ತುಂಡನ್ನು ಮಲಗಿಸಿದರೆ ರಂಧ್ರದ ಛಾವಣಿ ಜೋತುಬೀಳುತ್ತದೆ. ಒಳಗೆ ಸಪೋರ್ಟ್ ಕೊಟ್ಟರೆ ಅದನ್ನು ತೆಗೆಯುವ ದಾರಿಯೇ ಇಲ್ಲ. ನೆಟ್ಟಗೆ ನಿಲ್ಲಿಸಿದರೆ ರಂಧ್ರ ದುಂಡಗೆ ಬರುತ್ತದೆ. ಆದರೆ ಪದರದ ಗೆರೆಗಳು ಎಳೆಯ ದಾರಿಗೆ ಅಡ್ಡವಾಗಿ ಏಣಿಯ ಮೆಟ್ಟಿಲಿನಂತೆ ನಿಲ್ಲುತ್ತವೆ. ಮೂರನೆಯ ಕ್ರಮವೇ ಉತ್ತಮ. ತುಂಡನ್ನು ಉದ್ದಕ್ಕೆ ಎರಡು ಹೋಳು ಮಾಡಿ, ಪ್ರತಿ ಹೋಳಿನಲ್ಲೂ ಅರ್ಧ ಕಾಲುವೆ ಮೇಲ್ಮುಖವಾಗಿರುವಂತೆ ಅಚ್ಚು ಹಾಕಿ. ಆಮೇಲೆ ಎರಡು ಗೂಟಗಳಿಂದ ಹೊಂದಿಸಿ, ನಾಲ್ಕು ಎಂ3 ಸ್ಕ್ರೂಗಳಿಂದ ಬಿಗಿಯಿರಿ. ಹೋಳುಗಳ ಸಂದು ಎಳೆ ಸಾಗುವ ದಿಕ್ಕಿನಲ್ಲೇ ಇರುವುದರಿಂದ ಮೂತಿ ಅದಕ್ಕೆ ತಗುಲುವುದಿಲ್ಲ. ಒಳಗೆ ಎಳೆ ತುಂಡಾದರೆ ಸ್ಕ್ರೂ ಬಿಚ್ಚಿ ತೆಗೆಯಬಹುದು. ಕಾಲುವೆಯನ್ನು ಕಣ್ಣಾರೆ ನೋಡಿ, ಸಣ್ಣ ಮರಳು ಕಾಗದ ಸುತ್ತಿ ಉಜ್ಜಲೂಬಹುದು.

ತಪ್ಪು ಕಲ್ಪನೆ 6: ಹೈದರಾಬಾದಿನ ಬೇಸಿಗೆಗೆ ಪಿಎಲ್‌ಎ ಕರಗಿಹೋಗುತ್ತದೆ

ವಾಸ್ತವ: ಪಿಎಲ್‌ಎ ಮೆದುವಾಗತೊಡಗುವುದು 60 ಡಿಗ್ರಿ ಸೆಲ್ಸಿಯಸ್ ಹತ್ತಿರ. ಮೇ ತಿಂಗಳಲ್ಲಿ ಹೊರಗೆ 40 ದಾಟಿದರೂ ನೆರಳಿನ ಕೋಣೆಯಲ್ಲಿ, ಯಂತ್ರದ ಹಿಂಬದಿಯಲ್ಲಿ ಕೂತ ಪಿಎಲ್‌ಎ ತುಂಡಿಗೆ ಏನೂ ಆಗುವುದಿಲ್ಲ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಇಟ್ಟರೆ ಸೊಟ್ಟಗಾಗುವುದು ನಿಜ.

ಅಪಾಯ ಇರುವುದು ಮುಚ್ಚಿದ ಪ್ರಿಂಟರಿನ ಒಳಗೆ. ಎಬಿಎಸ್ ಅಥವಾ ಎಎಸ್‌ಎ ಅಚ್ಚು ಹಾಕುವಾಗ ಬೆಡ್ 90ರಿಂದ 110 ಡಿಗ್ರಿಯಲ್ಲಿರುತ್ತದೆ. ಒಳಗಿನ ಗಾಳಿಯೂ 50, 60ರತ್ತ ಏರುತ್ತದೆ. ಸ್ಪ್ಲಿಟರ್ ಒಳಗಿರಬೇಕಾದರೆ 80ರ ಸುಮಾರಿಗೆ ಮೆದುವಾಗುವ ಪಿಇಟಿಜಿ ಬೇಕು. 100ರ ಸುಮಾರಿನ ಎಎಸ್‌ಎ ಇನ್ನೂ ನಿಶ್ಚಿಂತೆ. ಶಾಖಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಸವೆತ. ಕಾರ್ಬನ್ ಫೈಬರ್ ಬೆರೆಸಿದ ಎಳೆ, ಕತ್ತಲಲ್ಲಿ ಹೊಳೆಯುವ ಎಳೆ ಅರದಂತೆ ಉಜ್ಜುತ್ತವೆ. ಅವುಗಳನ್ನು ಹೆಚ್ಚಾಗಿ ಬಳಸುವವರು ಆಗಾಗ ಹೋಳು ಬಿಚ್ಚಿ ಕಾಲುವೆ ನೋಡಬೇಕು. ಸವೆದಿದ್ದರೆ ಹೊಸದನ್ನು ಅಚ್ಚು ಹಾಕಿಕೊಳ್ಳಬೇಕು.

ತಪ್ಪು ಕಲ್ಪನೆ 7: ಟ್ಯೂಬು, ಕಪ್ಲರ್ ಎಲ್ಲವೂ ಒಂದೇ ಅಳತೆಯವು

ವಾಸ್ತವ: ಹೊರವ್ಯಾಸ 4 ಮಿ.ಮೀ. ಎಂಬುದಷ್ಟೇ ಬಹುತೇಕ ಎಲ್ಲಕ್ಕೂ ಸಮಾನ. ಒಳವ್ಯಾಸ 1.9, 2, 2.5, 3 ಮಿ.ಮೀ. ಹೀಗೆ ಬೇರೆ ಬೇರೆ. ಎಳೆ ಸಾಗುವ ದಿಕ್ಕಿನಲ್ಲಿ ದೊಡ್ಡ ಬಾಯಿಂದ ಚಿಕ್ಕ ಬಾಯಿಗೆ ಹೋಗುವ ಜೋಡಣೆ ಬಂದರೆ, ಮೊದಲೇ ಹೇಳಿದ ಅದೇ ಅಂಚಿನ ತೊಂದರೆ ಮರಳಿ ಬರುತ್ತದೆ.

ಕಪ್ಲರಿನ ತಿರುಪಿನಲ್ಲಿ ಮೋಸಹೋಗುವವರು ಹೆಚ್ಚು. ಎಂ6, ಎಂ10 ತಿರುಪಿನವು ಇವೆ. ನೋಡಲು ಎಂ10ರಂತೆಯೇ ಇರುವ ಎಂಟನೇ ಒಂದು ಇಂಚಿನ ಪೈಪ್ ತಿರುಪಿನವೂ ಇವೆ. ಅದರ ಹೊರವ್ಯಾಸ ಸುಮಾರು 9.7 ಮಿ.ಮೀ., ತಿರುಪಿನ ಅಂತರ ಸುಮಾರು 0.9 ಮಿ.ಮೀ. ಎಂ10ರ ರಂಧ್ರಕ್ಕೆ ಇದನ್ನು ಹಾಕಿದರೆ ಎರಡು ಸುತ್ತು ಸರಾಗವಾಗಿ ಹೋಗಿ ಆಮೇಲೆ ಪ್ಲಾಸ್ಟಿಕ್ಕನ್ನು ಕತ್ತರಿಸಿಬಿಡುತ್ತದೆ. ಸಿಕಂದರಾಬಾದಿನ ರಾಣಿಗಂಜಿನ ಹಾರ್ಡ್‌ವೇರ್ ಅಂಗಡಿಗಳ ಸಾಲಿಗೆ ಹೋಗುವಾಗ ವರ್ನಿಯರ್ ಕ್ಯಾಲಿಪರ್ ಜೇಬಿನಲ್ಲಿರಲಿ, ಅಳೆದೇ ಕೊಳ್ಳಿ.

ಟ್ಯೂಬನ್ನು ಅಡುಗೆಮನೆಯ ಕತ್ತರಿಯಿಂದ ಕತ್ತರಿಸಬೇಡಿ. ಬಾಯಿ ಚಪ್ಪಟೆಯಾಗಿ, ಓರೆಯಾಗಿ ನಿಲ್ಲುತ್ತದೆ. ಹೊಸ ಬ್ಲೇಡಿನಿಂದ, ಆಧಾರ ಕೊಟ್ಟು, ನೆಟ್ಟಗೆ ಕತ್ತರಿಸಿ. ಕಪ್ಲರಿನೊಳಗೆ ಟ್ಯೂಬು ತಳಕ್ಕೆ ತಾಗುವವರೆಗೆ ಒತ್ತಿ, ಒಮ್ಮೆ ಹಿಂದಕ್ಕೆ ಜಗ್ಗಿ ಹಲ್ಲು ಹಿಡಿದಿದೆಯೇ ನೋಡಿ. ಮತ್ತೆ ಒತ್ತಿ ಸಂದು ಉಳಿಯದಂತೆ ಮಾಡಿ.

ತಪ್ಪು ಕಲ್ಪನೆ 8: ಪ್ರಿಂಟ್ ಹೆಡ್ಡಿಗೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು

ವಾಸ್ತವ: ಓಡಾಡುವ ಹೆಡ್ಡಿನ ಮೇಲೆ ಭಾರ ಹೇರಿದರೆ ಅಚ್ಚಿನ ಅಂಚುಗಳಲ್ಲಿ ಅಲೆಗಳು ಮೂಡುತ್ತವೆ. ಸ್ಪ್ಲಿಟರ್ ಅಲುಗಾಡದ ಚೌಕಟ್ಟಿಗೆ ಬಿಗಿಯಾಗಿ ಕೂರಬೇಕು. ಹಿಂಬದಿಯಲ್ಲಿ ಟ್ಯೂಬು ಒಳಹೋಗುವ ಜಾಗದ ಪಕ್ಕವೇ ಸರಿಯಾದ ಸ್ಥಾನ. ಎಎಂಎಸ್ ಇರುವ ಮುಚ್ಚಿದ ಯಂತ್ರಗಳಲ್ಲಿ ಎಳೆಯ ಸಡಿಲವನ್ನು ಸರಿದೂಗಿಸುವ ಬಫರಿನಿಂದ ಹೊರಟ ಟ್ಯೂಬು ಹೆಡ್ಡಿನತ್ತ ಹೋಗುವ ನಡುವೆ ಇದನ್ನು ಸೇರಿಸಬೇಕು. ಹೆಡ್ಡು ನಾಲ್ಕೂ ಮೂಲೆಗೆ ಹೋದಾಗ ಟ್ಯೂಬು ಎಲ್ಲಿಯೂ ಎಳೆದುಕೊಳ್ಳದಷ್ಟು ಸಡಿಲ ಬಿಡಿ. ಹಿಂದಿನ ಗೋಡೆಗೆ ಒತ್ತಿ ಟ್ಯೂಬು ಮುರಿದಂತೆ ಬಾಗದಷ್ಟು ಜಾಗವನ್ನೂ ಬಿಡಿ.

ಇನ್ನೊಂದು ಮಾತು: ಸ್ಪ್ಲಿಟರ್ ಸೇರಿದಾಗ ದಾರಿಯ ಉದ್ದ ಬದಲಾಗುತ್ತದೆ. ಪ್ರೂಸಾದ ಬಹುಬಣ್ಣದ ಎಂಎಂಯುನಂಥ ಸಾಧನಗಳಲ್ಲಿ ಟ್ಯೂಬಿನ ಉದ್ದವನ್ನು ಸೆಟ್ಟಿಂಗಿನಲ್ಲಿ ತಿಳಿಸಬೇಕಾಗುತ್ತದೆ. ಅದನ್ನು ಮರೆತರೆ ಎಳೆ ನಾಝಲ್ ಮುಟ್ಟುವ ಮುಂಚೆಯೇ ಯಂತ್ರ ನಿಂತು ತಪ್ಪು ತೋರಿಸುತ್ತದೆ.

ತಪ್ಪು ಕಲ್ಪನೆ 9: ಎಳೆಯನ್ನು ಸ್ವಲ್ಪ ಹಿಂದಕ್ಕೆ ಎಳೆದರೆ ಆಯಿತು

ವಾಸ್ತವ: ಎಷ್ಟು ಹಿಂದಕ್ಕೆ ಎಂಬುದಕ್ಕೆ ಗುರುತು ಬೇಕು. ಕೂಡುಜಾಗದಿಂದ ಕನಿಷ್ಠ 20, 30 ಮಿ.ಮೀ. ಹಿಂದೆ ಎಳೆಯ ಮೂತಿ ನಿಂತಿರಬೇಕು. ಪೆಟ್ಟಿಗೆ ತನ್ನ ಎಳೆಯನ್ನು ತನ್ನೊಳಗಿನ ಕೂಡುಜಾಗದ ಹಿಂದಕ್ಕೇ ಸೆಳೆದುಕೊಳ್ಳುವುದರಿಂದ ಆ ಕವಲಿನ ಚಿಂತೆ ಇಲ್ಲ. ಮರೆಯುವುದು ಕೈಯಿಂದ ಹಾಕಿದ ಕವಲನ್ನು. ಟಿಪಿಯು ಇನ್ನೂ ದಾರಿಯಲ್ಲೇ ಇದ್ದಾಗ ಪೆಟ್ಟಿಗೆಗೆ ಆಜ್ಞೆ ಹೋದರೆ ಎರಡು ಮೂತಿಗಳು ಕೂಡುಜಾಗದಲ್ಲಿ ಒಂದರ ಮೇಲೊಂದು ಸಿಕ್ಕಿಕೊಳ್ಳುತ್ತವೆ. ಹೊರಗಿನ ಟ್ಯೂಬಿನ ಹೊರತುದಿಯಲ್ಲಿ ಬಣ್ಣದ ಟೇಪು ಅಂಟಿಸಿ, ಎಳೆಯನ್ನು ಎಲ್ಲಿಯವರೆಗೆ ಹಿಂದಕ್ಕೆ ತರಬೇಕು ಎಂಬುದನ್ನು ಗುರುತು ಮಾಡಿಕೊಳ್ಳಿ. ಇಲ್ಲವೇ ಪೂರ್ತಿ ಹೊರಗೇ ತೆಗೆದುಬಿಡಿ.

ಮೂತಿಯ ಆಕಾರವೂ ಮುಖ್ಯ. ಬಿಸಿ ನಾಝಲಿನಿಂದ ಸುಮ್ಮನೆ ಎಳೆದ ಎಳೆಯ ತುದಿ ಗುಂಡಗೆ ಉಬ್ಬಿರುತ್ತದೆ ಅಥವಾ ಕೂದಲಿನಂತೆ ನೂಲು ಬಿಟ್ಟಿರುತ್ತದೆ. ಉಬ್ಬು ಹಿಂದಕ್ಕೆ ಬರುವಾಗ ಸಿಕ್ಕಿಕೊಳ್ಳುತ್ತದೆ. ನೂಲು ಕಡಿದು ಒಳಗೇ ಉಳಿಯುತ್ತದೆ. ಹೆಡ್ಡಿನಲ್ಲಿ ಕತ್ತರಿ ಇರುವ ಯಂತ್ರಗಳಲ್ಲಿ ಈ ತೊಂದರೆ ಕಡಿಮೆ. ಕೈಯಿಂದ ಹಾಕುವ ಎಳೆಯನ್ನು ಪ್ರತಿ ಸಲವೂ 45 ಡಿಗ್ರಿ ಓರೆಯಾಗಿ ಕತ್ತರಿಸಿ, ಸ್ಪೂಲಿನ ಬಾಗು ಬಿಡಿಸಿ ನೆಟ್ಟಗೆ ಮಾಡಿ ತೂರಿಸಿ.

ತಪ್ಪು ಕಲ್ಪನೆ 10: ಸಿಕ್ಕಿಕೊಂಡರೆ ಸ್ಪ್ಲಿಟರಿನದೇ ತಪ್ಪು

ವಾಸ್ತವ: ಅನೇಕ ಸಲ ತಪ್ಪು ತೇವದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ತೆರೆದಿಟ್ಟ ಸ್ಪೂಲು ಗಾಳಿಯ ತೇವ ಹೀರುತ್ತದೆ. ತೇವ ಹೀರಿದ ಪಿಎಲ್‌ಎ ಪೆಡಸಾಗಿ, ಬಾಗಿದ ಕಡೆ ಪಟಕ್ಕನೆ ಮುರಿಯುತ್ತದೆ. ಸ್ಪ್ಲಿಟರ್ ದಾರಿಗೆ ಒಂದು ಬಾಗು ಹೆಚ್ಚಿಸುವುದರಿಂದ ಮುರಿತ ಅಲ್ಲಿ ಕಾಣಿಸಿಕೊಳ್ಳುತ್ತದೆ, ಅಷ್ಟೆ. ಎಳೆಯನ್ನು ಬೆರಳಿಗೆ ಸುತ್ತಿ ನೋಡಿ. ಚಟ್ಟೆಂದು ಮುರಿದರೆ ಮೊದಲು ಒಣಗಿಸಿ. ಬಳಸದ ಕವಲಿನ ಬಾಯಿಗೆ ಚಿಕ್ಕ ಮುಚ್ಚಳ ಹಾಕಿಡಿ. ದೂಳೂ ಹೋಗುವುದಿಲ್ಲ, ಪೆಟ್ಟಿಗೆಯ ಒಣ ಗಾಳಿಯೂ ಸೋರುವುದಿಲ್ಲ. ಸುತ್ತಲೂ ಕಟ್ಟಡ ಏಳುತ್ತಿರುವ ಗಚ್ಚಿಬೌಲಿಯಲ್ಲಿ ದೂಳಿನ ಮುಚ್ಚಳ ಅಲಂಕಾರವಲ್ಲ, ಅಗತ್ಯ.

ತಪ್ಪು ಕಲ್ಪನೆ 11: ಒಮ್ಮೆ ಎಳೆ ದಾಟಿದರೆ ಪರೀಕ್ಷೆ ಮುಗಿಯಿತು

ವಾಸ್ತವ: ಯಂತ್ರಕ್ಕೆ ಕೂರಿಸುವ ಮುನ್ನ ಮೇಜಿನ ಮೇಲೇ ಪರೀಕ್ಷಿಸಿ. ಎರಡೂ ಕವಲಿನಿಂದ ಸರದಿಯಲ್ಲಿ ಹತ್ತಾರು ಬಾರಿ ಎಳೆ ತೂರಿಸಿ, ಹಿಂದಕ್ಕೆ ಎಳೆಯಿರಿ. ಒಮ್ಮೆಯಾದರೂ ಬೆರಳಿಗೆ ಟಕ್ ಎಂದು ತಡೆ ತಿಳಿದರೆ ಅಲ್ಲೊಂದು ಅಂಚಿದೆ, ಬಿಚ್ಚಿ ಉಜ್ಜಿ. ಆಮೇಲೆ ಯಂತ್ರಕ್ಕೆ ಕೂರಿಸಿ, ಪೆಟ್ಟಿಗೆಯ ಎಳೆಗಳಿಂದ ಕಣ್ಣೆದುರು ಚಿಕ್ಕದೊಂದು ಎರಡು ಬಣ್ಣದ ಅಚ್ಚು ಹಾಕಿ. ರಾತ್ರಿಯಿಡೀ ಓಡುವ ದೊಡ್ಡ ಕೆಲಸ ಅದಾದ ಮೇಲೆ.

ತಪ್ಪು ಕಲ್ಪನೆ 12: ಇಂಥದ್ದನ್ನು ಮೆಕ್ಯಾನಿಕಲ್ ಓದಿದವರೇ ಬರೆಯಬೇಕು

ವಾಸ್ತವ: ಮನೆಯ 3ಡಿ ಪ್ರಿಂಟರಿನ ಇತಿಹಾಸವೇ ಈ ಮಾತನ್ನು ಸುಳ್ಳು ಮಾಡುತ್ತದೆ. ಸ್ಕಾಟ್ ಕ್ರಂಪ್ 1989ರಲ್ಲಿ ಅರ್ಜಿ ಹಾಕಿ ಪಡೆದ ಪೇಟೆಂಟಿನ ಅವಧಿ 2009ರಲ್ಲಿ ಮುಗಿದ ಮೇಲೆ ಈ ಯಂತ್ರಗಳು ಅಗ್ಗವಾದವು. ಅದಕ್ಕೂ ಮೊದಲೇ, 2005ರಲ್ಲಿ, ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್ ತನ್ನ ಭಾಗಗಳನ್ನು ತಾನೇ ಅಚ್ಚು ಹಾಕುವ ಯಂತ್ರದ ಕನಸಿನೊಂದಿಗೆ ರೆಪ್‌ರ‍್ಯಾಪ್ ಯೋಜನೆ ಶುರುಮಾಡಿದ್ದರು. 2008ರಲ್ಲಿ ಅದು ತನ್ನ ಪ್ಲಾಸ್ಟಿಕ್ ಭಾಗಗಳನ್ನೆಲ್ಲ ತಾನೇ ಮಾಡಿಕೊಟ್ಟಿತು. ವಿನ್ಯಾಸಗಳನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟಿದ್ದರಿಂದ ಹವ್ಯಾಸಿಗಳೇ ಅದನ್ನು ಬೆಳೆಸಿದರು.

ಫ್ರೀಕ್ಯಾಡ್, ಓಪನ್‌ಎಸ್‌ಕ್ಯಾಡ್, ಟಿಂಕರ್‌ಕ್ಯಾಡ್ ಉಚಿತವಾಗಿ ಸಿಗುತ್ತವೆ. ಸ್ಪ್ಲಿಟರಿಗೆ ಬೇಕಾದದ್ದು ಒಂದು ಚೌಕ ತುಂಡು, ಅದರೊಳಗೆ ಎರಡು ಕಾಲುವೆ, ಟ್ಯೂಬಿಗೆ ಮೂರು ಬಾಯಿ, ಸ್ಕ್ರೂಗೆ ನಾಲ್ಕು ರಂಧ್ರ. ತುಂಡಿನ ತೂಕ 25 ಗ್ರಾಂ ಎಂದು ಹಿಡಿದು, ಕಿಲೋಗೆ ಸಾವಿರ ರೂಪಾಯಿಯ ಎಳೆ ಬಳಸಿದರೆ ಖರ್ಚು 25 ರೂಪಾಯಿ. ಮೊದಲನೆಯದು ಸರಿಬರದಿದ್ದರೆ ಅಳತೆ ತಿದ್ದಿ ಎರಡನೆಯದನ್ನು ಹಾಕಲು ಯಾರ ಅಪ್ಪಣೆಯೂ ಬೇಡ.

ಹಿರಿಯರಿಗೆ, ಮಕ್ಕಳಿಗೆ ಪ್ರಿಂಟರ್ ತೋರಿಸುವಾಗ ಬಣ್ಣದ ಗೊಂಬೆಗಳ ಜೊತೆ ಇಂಥ ಒಂದು ಭಾಗವನ್ನೂ ಕೈಗೆ ಕೊಡಿ; ಅದು ಏಕೆ ಹಾಗೆ ಬಾಗಿದೆ, ಅಂಚು ಏಕೆ ಅಗಲವಾಗಿದೆ ಎಂದು ವಿವರಿಸಿ. ಯಂತ್ರವಿರುವ ಪ್ರತಿಯೊಬ್ಬರಲ್ಲೂ ನನ್ನ ವಿನಂತಿ ಇಷ್ಟೆ: ಈ ವಾರಾಂತ್ಯ ಯಾರದೋ ಫೈಲು ಇಳಿಸಿಕೊಳ್ಳುವ ಬದಲು ಕ್ಯಾಲಿಪರ್ ಹಿಡಿದು ನಿಮ್ಮ ಟ್ಯೂಬು, ನಿಮ್ಮ ಎಳೆ, ನಿಮ್ಮ ಕಪ್ಲರ್ ಅಳೆಯಿರಿ. ನಿಮ್ಮ ಸ್ಪ್ಲಿಟರನ್ನು ನೀವೇ ಬರೆಯಿರಿ. ಅದು ಸರಿಯಾಗಿ ನಡೆದ ಮೇಲೆ ಅಳತೆಗಳ ಸಮೇತ ಪಕ್ಕದ ಫ್ಲ್ಯಾಟಿನವರಿಗೂ ಕೊಡಿ.